ಎರಡು ಬ್ಯಾಟರಿಯ ಕ್ಯಾಮೆರಾ

ಅಟ್‌ಬಾಶಿ
11 ಮಾರ್ಚ್ 2004

ಬುರುಲ್,

ಇಲ್ಲಿ ಕ್ಷೇಮ. ಅಮ್ಮನೂ ಕ್ಷೇಮ. ಎರಡು ಹಸು ಈದಿವೆ, ಬೂದು ಕುದುರೆ ಕುಂಟುತ್ತಿದೆ. ಇಷ್ಟು ಬರೆದು ಮುಂದೇನು ಬರೆಯಬೇಕೆಂದು ತಿಳಿಯದೆ ಒಂದು ಕೆಟಲ್ ಚಹಾ ಕುಡಿದು ಮುಗಿಸಿದೆ. ಅಪ್ಪನ ವರ್ಷದೂಟದ ದಿನ ಅಷ್ಟು ಜನರ ಮುಂದೆ ನಿನಗೆ "ಗಂಡನ ಮನೆಗೆ ವಾಪಸ್ ಹೋಗು, ಇಲ್ಲ ಅಂದ್ರೆ ಈ ಹೊಸ್ತಿಲು ತುಳೀಬೇಡ" ಅಂದವನು ನಾನೇ. ನೀನು ಎರಡನೆಯದನ್ನು ಆರಿಸಿಕೊಂಡೆ. ಆರು ವರ್ಷವಾಯಿತು. ಈಗ ಅದನ್ನು ಕೆದಕಲು ನನಗೆ ಶಕ್ತಿಯಿಲ್ಲ, ನಿನಗೂ ಇರಲಿಕ್ಕಿಲ್ಲ.

ವಿಷಯ ಇದು. ಅಮ್ಮನ ಅಕ್ಕ ಬಾತ್ಮಾ ಬದುಕಿದ್ದಾಳೆ. ಗಡಿಯಾಚೆ, ಆರ್ತುಶ್ ಹತ್ತಿರ. ಉಣ್ಣೆ ವ್ಯಾಪಾರದ ಮೊಮುನ್ ಹೋದ ಶರತ್ಕಾಲದಲ್ಲಿ ಅಲ್ಲಿನ ಸಂತೆಯಲ್ಲಿ ಒಬ್ಬ ಮುದುಕಿಯನ್ನು ಕಂಡನಂತೆ. ಯಾವ ಕಡೆಯವನು, ಯಾರ ಮಗ ಎಂದು ಏಳು ತಲೆಮಾರಿನ ಹೆಸರು ಕೇಳಿ, ಕೊನೆಗೆ ಅಮ್ಮನ ಹೆಸರು ಹಿಡಿದು "ನಮ್ಮ ಸೋನುನ್ ಇದ್ದಾಳಾ?" ಅಂದಳಂತೆ. ಎಪ್ಪತ್ತೆರಡು ವರ್ಷದ ಹಿಂದೆ ಅಜ್ಜ ದೊಡ್ಡ ಮಗಳನ್ನು ಕುದುರೆ ಮೇಲೆ ಕೂರಿಸಿಕೊಂಡು ಕಣಿವೆ ದಾಟಿದ, ಅಜ್ಜಿ ಚಿಕ್ಕವಳ ಜೊತೆ ಇಲ್ಲೇ ಉಳಿದಳು, ಆಮೇಲೆ ದಾರಿ ಮುಚ್ಚಿತು. ಈ ಕಥೆ ನಿನಗೆ ಗೊತ್ತು. ಅಮ್ಮ ನಮಗೆ ನೂರು ಸಲ ಹೇಳಿದ್ದಾಳೆ, ಪ್ರತಿ ಸಲವೂ ಟೋಪಿಯ ಜಗಳದಲ್ಲೇ ನಿಲ್ಲಿಸಿದ್ದಾಳೆ. ಹೊರಡುವಾಗ ಅಕ್ಕ ಅವಳ ತಲೆಯ ಮೇಲಿದ್ದ ಕೆಂಪು ಟೋಪಿ ಕಿತ್ತುಕೊಂಡು ಹೋದಳಂತಲ್ಲ, ಅದು. ಈಗಲೂ ಅದೇ ಮಾತು: "ಹೋಗಿ ಕೇಳ್ಕೊಂಡು ಬಾ, ನನ್ನ ಟೋಪಿ ಯಾಕೆ ಕಿತ್ಕೊಂಡ್ಲು ಅಂತ."

ಜೂನ್‌ನಲ್ಲಿ ತೊರುಗಾರ್ತ್‌ನ ಕಣಿವೆದಾರಿಯ ಹಿಮ ಕರಗಿದ ಮೇಲೆ ಲಾರಿಯವರ ಜೊತೆ ಹೋಗುತ್ತೇನೆ. ಪರವಾನಗಿ ಸಿಕ್ಕಿದೆ. ಜೇಬಿಗೆ ಹಿಡಿಯುವಂಥ ಒಂದು ಕ್ಯಾಮೆರಾ ಬೇಕು. ರೀಲಿನದು ಬೇಡ. ಮೊಮುನ್ ರೀಲಿನ ಕ್ಯಾಮೆರಾದಲ್ಲಿ ದೊಡ್ಡಮ್ಮನ ಫೋಟೋ ತೆಗೆದಿದ್ದ; ಗಡಿಯಲ್ಲಿ ಯಾರೂ ಕೇಳದಿದ್ದರೂ "ಒಳಗೇನೂ ಇಲ್ಲ ನೋಡಿ ಸ್ವಾಮಿ" ಎಂದು ತಾನೇ ಹಿಂಬದಿ ಮುಚ್ಚಳ ತೆರೆದು ಬಿಸಿಲಿಗೆ ತೋರಿಸಿದನಂತೆ. ರೀಲು ಪೂರ್ತಿ ಹಾಳು. ನೀನು ದಿನಾ ಕ್ಯಾಮೆರಾ ಮಾರುವವಳು, ಯಾವುದು ಒಳ್ಳೆಯದೆಂದು ನೀನೇ ಹೇಳು. ವ್ಯಾನಿನ ತುರಾರ್ ಕೈಯಲ್ಲಿ ಈ ಕಾಗದದ ಜೊತೆ ಬೆಣ್ಣೆ ಕಳಿಸಿದ್ದೇನೆ. ಬೆಣ್ಣೆ ಅಮ್ಮ ಕಳಿಸಿದ್ದು, ನಾನಲ್ಲ.

ಎಸೆನ್‌ಬೈ


ಬಿಷ್ಕೆಕ್
24 ಮಾರ್ಚ್

ಎಸೆನ್‌ಬೈ ಅವರಿಗೆ,

ಬೆಣ್ಣೆ ತಲುಪಿತು. ಅಮ್ಮನಿಗೆ ಹೇಳಿ.

ಆರು ವರ್ಷದ ಮೇಲೆ ಕ್ಯಾಮೆರಾ ಬೇಕಾದಾಗ ತಂಗಿ ನೆನಪಾದಳು, ಇರಲಿ. ನನ್ನ ಅಂಗಡಿಗೆ ಬರುವವರೆಲ್ಲ ಹಾಗೆಯೇ. ಬೆಳಿಗ್ಗೆ ಹತ್ತರಿಂದ ಸಂಜೆ ಏಳರವರೆಗೆ ಗಾಜಿನ ಕಪಾಟಿನ ಹಿಂದೆ ನಿಂತಿರುತ್ತೇನೆ, ಕಾಲು ಕಂಬದಂತಾಗುತ್ತದೆ. ಬಂದವರೆಲ್ಲ "ಎಷ್ಟು ಮೆಗಾಪಿಕ್ಸೆಲ್?" ಎಂದು ಕೇಳುತ್ತಾರೆ. ಏನು ತೆಗೆಯುತ್ತೀರಿ, ಯಾರಿಗೆ ತೋರಿಸುತ್ತೀರಿ ಎಂದು ನಾನು ಕೇಳಿದರೆ, ತೆರಿಗೆಯವಳು ಕೇಳಿದ ಹಾಗೆ ಮುಖ ನೋಡುತ್ತಾರೆ. ನಿನ್ನೆ ಒಬ್ಬ ಇಸ್ಸಿಕ್-ಕುಲ್‌ಗೆ ಹೋಗುವುದಕ್ಕೆ ಹನ್ನೆರಡು ಪಟ್ಟು ಹತ್ತಿರ ತೋರಿಸುವ ಜೂಮ್ ಬೇಕೆಂದ. ಹತ್ತಿರ ಹೋಗಿ ನಿಂತರೆ ಆಗುವುದಿಲ್ಲವೇ ಎಂದೆ. ಸರೋವರದ ದಡದಲ್ಲಿ ಸ್ನಾನ ಮಾಡುವವರ ಹತ್ತಿರ ಹೋಗಲಾಗದು ಎಂದ. ಇಂಥವರ ಜೊತೆ ನನ್ನ ದಿನ ಕಳೆಯುತ್ತದೆ.

ನಿಮಗೆ ನನ್ನ ಸಲಹೆ, ಬೆಳ್ಳಿ ಬಣ್ಣದ ಒಂದು ತೆಳ್ಳನೆಯ ಕ್ಯಾಮೆರಾ ಇದೆ, ಅದನ್ನೇ ಕೊಳ್ಳಿ. ಸಿಗರೇಟು ಪೆಟ್ಟಿಗೆಯಷ್ಟೇ ದಪ್ಪ. ಹಿಂದಿನ ಪರದೆ ಎಲ್ಲಕ್ಕಿಂತ ದೊಡ್ಡದು. ತೆಗೆದ ಫೋಟೋವನ್ನು ಅಲ್ಲೇ ಅಮ್ಮನಿಗೆ ತೋರಿಸಬಹುದು, ನರೀನ್‌ಗೆ ಹೋಗಿ ಕಾಗದದ ಮೇಲೆ ಅಚ್ಚು ಹಾಕಿಸುವವರೆಗೆ ಅವಳು ಕಾಯಬೇಕಿಲ್ಲ. ಅಮ್ಮನ ಕನ್ನಡಕ ಈಗ ಎಷ್ಟು ನಂಬರಿನದು? ಹಳೆಯದೇ ಇದ್ದರೆ ಹೊಸದು ಮಾಡಿಸಿ.

ಫೋನ್ ಮಾಡಬೇಡಿ. ದನಿ ಕೇಳಿದರೆ ಜಗಳವಾಗುತ್ತದೆ. ಬರೆಯಿರಿ.

ಬುರುಲ್


ಅಟ್‌ಬಾಶಿ
6 ಏಪ್ರಿಲ್

ಬುರುಲ್,

ನನಗೆ 'ಅವರು, ಇವರು' ಎಂದು ಬರೆಯಬೇಡ. ನಮ್ಮ ಪಶು ಆಸ್ಪತ್ರೆಗೆ ಬಂದ ನೋಟಿಸು ಓದಿದ ಹಾಗಾಯಿತು.

ನಿನ್ನ ತೆಳ್ಳನೆಯ ಕ್ಯಾಮೆರಾದ ಬಗ್ಗೆ ನಮ್ಮ ಕಾಂಪೌಂಡರ್ ಹತ್ತಿರ ವಿಚಾರಿಸಿದೆ. ಅವನ ಅಳಿಯ ಕಜಕಸ್ತಾನದಿಂದ ಒಂದು ತಂದಿದ್ದಾನೆ, ಹಾಗಾಗಿ ಈಗ ಊರಿಗೆಲ್ಲ ಅವನೇ ಪಂಡಿತ. ತೆಳ್ಳಗಿನದಕ್ಕೆ ಅದರದ್ದೇ ಚಪ್ಪಟೆ ಬ್ಯಾಟರಿ ಇರುತ್ತದೆ, ಅದಕ್ಕೆ ವಿದ್ಯುತ್ ಬೇಕು, ಮುಗಿದರೆ ಕಲ್ಲಿಗೂ ಅದಕ್ಕೂ ವ್ಯತ್ಯಾಸವಿಲ್ಲ ಎನ್ನುತ್ತಾನೆ. ದೊಡ್ಡಮ್ಮನ ಮನೆಯವರು ಜೂನ್‌ನಲ್ಲಿ ಕುರಿ ಹೊಡೆದುಕೊಂಡು ಮೇಲಿನ ಹುಲ್ಲುಗಾವಲಿಗೆ ಹೋಗಿರುತ್ತಾರೆ. ಅಲ್ಲಿ ವಿದ್ಯುತ್ ಎಲ್ಲಿಂದ ತರಲಿ? ಕುರಿಯ ಕಿವಿಗೆ ವಯರು ಸಿಕ್ಕಿಸಲೇ? ಧೂಳೂ ಜಾಸ್ತಿ. ಆದ್ದರಿಂದ ಗಟ್ಟಿಯಾದದ್ದು ನೋಡು. ಮೆಗಾಪಿಕ್ಸೆಲ್ ಜಾಸ್ತಿ ಇದ್ದರೆ ಒಳ್ಳೆಯದೆಂದು ಕಾಂಪೌಂಡರ್ ಹೇಳುತ್ತಾನೆ. ಯಾಕೆ ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ.

ಪರದೆಯ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡ. ಪರದೆ ದೊಡ್ಡದಾದರೂ ಚಿಕ್ಕದಾದರೂ ಅಮ್ಮನಿಗೆ ಒಂದೇ.

ಈ ಸಲ ಹಿಮ ಹೋಗುವ ಹಾಗೆ ಕಾಣುವುದಿಲ್ಲ. ಕರು ಹಾಕಿಸುವುದಕ್ಕೆಂದು ಇಡೀ ವಾರ ಜನರ ಕೊಟ್ಟಿಗೆಗಳಲ್ಲೇ ಇದ್ದೆ. ಸೊಂಟ ನಿಲ್ಲುತ್ತಿಲ್ಲ.

ಅಣ್ಣ


ಬಿಷ್ಕೆಕ್
15 ಏಪ್ರಿಲ್

ಅಣ್ಣ,

ಅಮ್ಮನಿಗೆ ಒಂದೇ ಅಂದರೆ ಏನು?

ಬುರುಲ್


ಅಟ್‌ಬಾಶಿ
2 ಮೇ

ಬುರುಲ್,

ನಿನ್ನ ಕಾಗದ ಬಂದು ಎರಡು ವಾರವಾಯಿತು. ಒಂದೇ ಸಾಲು, ಆದರೂ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು.

ಅಮ್ಮನಿಗೆ ಕಣ್ಣು ಕಾಣುವುದಿಲ್ಲ. ಆಚೆ ವರ್ಷದ ಚಳಿಗಾಲದಿಂದಲೇ. ಮೊದಲು ಮಬ್ಬಾಯಿತು, ಆಮೇಲೆ ಬೆಳಕು ಯಾವುದು, ನೆರಳು ಯಾವುದು ಎಂಬುದಷ್ಟೇ ತಿಳಿಯುತ್ತಿತ್ತು, ಈಗ ಅದೂ ಇಲ್ಲ. ನರೀನ್‌ಗೆ ಕರೆದುಕೊಂಡು ಹೋಗಿದ್ದೆ, ತಡವಾಯಿತು ಎಂದರು. ತಡವಾದದ್ದು ನನ್ನಿಂದಲೇ. ದನದ ಕಣ್ಣಿನ ಪೊರೆ ಹತ್ತು ಮಾರು ದೂರದಿಂದ ಗುರುತಿಸುವವನು ನಾನು, ಎದುರಿಗೆ ಕೂತ ತಾಯಿಯ ಕಣ್ಣು ನೋಡಲಿಲ್ಲ. ಇದನ್ನು ಯಾರ ಹತ್ತಿರವೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ.

ನಿನಗೆ ಬರೆಯಬಾರದೆಂದು ಅವಳೇ ಆಣೆ ಹಾಕಿಸಿದ್ದಳು. "ಕುರುಡಿ ಆದ್ಲು ಅಂತ ಕೇಳಿ ಅವಳು ಬರೋದು ಬೇಡ. ಬರ್ಬೇಕು ಅನ್ಸಿದಾಗ ಬರ್ಲಿ" ಅಂದಳು. ಈಗ ಆಣೆ ಮುರಿದಿದ್ದೇನೆ.

ದೊಡ್ಡಮ್ಮನ ಫೋಟೋ ತಂದರೆ ನಿನಗೇನು ಪ್ರಯೋಜನ ಎಂದು ಕೇಳಿದೆ. "ನೀನು ನೋಡಿ ಹೇಳು, ನಾನು ಕೇಳ್ತೀನಿ" ಅಂದಳು. ನನಗೆ ಹೇಳಲು ಬರುತ್ತದೆಯೇ ಬುರುಲ್? ನಾನು ಹಸುವನ್ನು ವರ್ಣಿಸಬಲ್ಲೆ. ಎತ್ತರ ಇಷ್ಟು, ಹಲ್ಲು ಇಷ್ಟು, ಕೆಚ್ಚಲು ಚೆನ್ನಾಗಿದೆ. ಅಮ್ಮನ ಅಕ್ಕನ ಬಗ್ಗೆ ಹಾಗೆ ಹೇಳಲಾಗುತ್ತದೆಯೇ?

ಯಾವುದಾದರೂ ಒಂದು ಕಳಿಸು. ಆರಿಸುವುದು ನಿನಗೆ ಬಿಟ್ಟಿದ್ದು. ನನಗೆ ಸಾಕಾಗಿದೆ.

ಅಣ್ಣ


ಬಿಷ್ಕೆಕ್
9 ಮೇ

ಅಣ್ಣ,

ಇವತ್ತು ವಿಜಯ ದಿನದ ರಜೆ. ಬೀದಿಯಲ್ಲಿ ಯುದ್ಧದ ಹಳಬರೆಲ್ಲ ಪದಕ ಧರಿಸಿ ಹೋಗುತ್ತಿದ್ದಾರೆ. ನಾನು ಬಾಗಿಲು ಹಾಕಿಕೊಂಡು ಅತ್ತೆ. ನಿನ್ನ ಮೇಲೆ ಕೋಪ ಬರಬೇಕಿತ್ತು, ಬರಲಿಲ್ಲ, ನನ್ನ ಮೇಲೆ ಬಂತು. ಆರು ವರ್ಷ ನಾನು ಹೊಸ್ತಿಲು ತುಳಿಯದೆ ಗೆದ್ದೆ ಅಂದುಕೊಂಡಿದ್ದೆ. ಈಗ ಹೋಗಿ ಬಾಗಿಲಲ್ಲಿ ನಿಂತರೂ ನಿಂತದ್ದು ನಾನೆಂದು ಅವಳಿಗೆ ಕಾಣುವುದಿಲ್ಲ.

ಕ್ಯಾಮೆರಾ ಆರಿಸಿದ್ದೇನೆ. ನಿನ್ನೆ ಕಪಾಟಿನಲ್ಲಿದ್ದ ನಲವತ್ತನ್ನೂ ಒಂದೊಂದಾಗಿ ತೆಗೆದು ನೋಡಿದೆ. ಜೂಮ್ ನೋಡಲಿಲ್ಲ, ಪರದೆ ನೋಡಲಿಲ್ಲ, ಮೆಗಾಪಿಕ್ಸೆಲ್ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು ಕೇಳಿದೆ. ಈ ಪುಟ್ಟ ಕ್ಯಾಮೆರಾಗಳಲ್ಲಿ ಚಿಕ್ಕ ಸಿನಿಮಾ ಕೂಡ ತೆಗೆಯಬಹುದು; ಕೆಲವು ಮೂಕ, ಕೆಲವಕ್ಕೆ ಮಾತು ಬರುತ್ತದೆ. ಮಾತು ಬರುವವನ್ನೆಲ್ಲ ಸಾಲಾಗಿ ಇಟ್ಟು ಒಂದೇ ವಾಕ್ಯ ಹೇಳಿ ಹೇಳಿ ಕೇಳಿಸಿಕೊಂಡೆ. ಪಕ್ಕದ ಗಡಿಯಾರದ ಅಂಗಡಿಯವಳು "ಬುರುಲ್‌ಗೆ ತಲೆ ಕೆಟ್ಟಿದೆ, ಡಬ್ಬಿಗಳ ಹತ್ರ ಮಾತಾಡ್ತಾಳೆ" ಎಂದು ಎಲ್ಲರಿಗೂ ಸಾರಿದಳು.

ಎಲ್ಲಕ್ಕಿಂತ ದಪ್ಪಗಿರುವ, ಯಾರೂ ಕೊಳ್ಳದ, ಕರಿ ಸೋಪಿನಂಥದ್ದು ಎಲ್ಲಕ್ಕಿಂತ ಸ್ಪಷ್ಟವಾಗಿ ಮಾತಾಡಿತು. ಜೇಬು ಸ್ವಲ್ಪ ಉಬ್ಬುತ್ತದೆ, ಸಹಿಸಿಕೋ. ಇದಕ್ಕೆ ಟಾರ್ಚಿಗೆ ಹಾಕುವ ಎರಡು ಪೆನ್ಸಿಲ್ ಬ್ಯಾಟರಿ ಸಾಕು. ಉಪ್ಪು ಸಿಗುವ ಅಂಗಡಿಯಲ್ಲೆಲ್ಲ ಅದು ಸಿಗುತ್ತದೆ. ಮೇಲಿನ ಚಕ್ರವನ್ನು ಸಿನಿಮಾ ಗುರುತಿನ ಕಡೆ ತಿರುಗಿಸಿ ಗುಂಡಿ ಒಂದು ಸಲ ಒತ್ತು. ಕೆಂಪು ಚುಕ್ಕೆ ಹತ್ತುತ್ತದೆ. ಒಂದು ನಿಮಿಷಕ್ಕೆ ತಾನೇ ನಿಲ್ಲುತ್ತದೆ. ದೊಡ್ಡಮ್ಮ ಟೋಪಿಯ ಉತ್ತರವನ್ನು ತನ್ನ ದನಿಯಲ್ಲೇ ಹೇಳಲಿ. ಅಮ್ಮ ಕೇಳಲಿ. ನೀನು ಯಾರನ್ನೂ ವರ್ಣಿಸಬೇಕಾಗಿಲ್ಲ.

ನೀನು ಹೊರಡುವ ಮೊದಲು ಊರಿಗೆ ಬರುತ್ತೇನೆ, ನೀನು ಇಲ್ಲದಾಗ ಅಮ್ಮನ ಜೊತೆ ಇರುತ್ತೇನೆ. ಹೊಸ್ತಿಲು ತುಳಿಯಬಹುದೇ ಎಂದು ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.

ಬುರುಲ್


ಅಟ್‌ಬಾಶಿ
30 ಮೇ

ಬುರುಲ್,

ಬಾ. ಹೊಸ್ತಿಲು ಅಲ್ಲೇ ಇದೆ, ಸವೆದಿದೆ. ಜೂನ್ ಒಂಬತ್ತಕ್ಕೆ ಲಾರಿ ಹೊರಡುತ್ತದೆ, ಅದಕ್ಕಿಂತ ಎರಡು ದಿನ ಮುಂಚೆ ಬಾ.

ನಿನ್ನ ಕರಿ ಸೋಪು ತಲುಪಿತು. ಮೊದಲು ಕರುವಿನ ಮೇಲೆ ಪ್ರಯೋಗ ಮಾಡಿದೆ, ಬರೀ ನನ್ನ ಬೂಟು ಬಂತು. ಆಮೇಲೆ ಸಿನಿಮಾ ಚಕ್ರ ತಿರುಗಿಸಿ ಅಮ್ಮನ ಕಡೆ ಹಿಡಿದು ಒತ್ತಿದೆ. ನಾನೇನು ಮಾಡುತ್ತಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ, ಆದರೂ ಗೊತ್ತಾಯಿತು. ಹನ್ನೊಂದು ಸೆಕೆಂಡ್ ಬಂದಿದೆ, ಅಷ್ಟರಲ್ಲಿ ಕೈ ತಪ್ಪಿ ನಿಂತಿತು. ಅದರಲ್ಲಿ ಅಮ್ಮ ಅನ್ನುತ್ತಾಳೆ: "ಏನೋ ಅದು ಕೈಲಿ? ಕೆಳಗಿಡು. ಚಹಾ ಆರ್ತಾ ಇದೆ, ರೊಟ್ಟಿ ಹತ್ರಕ್ಕೆ ಸರ್ಕೋ. ಐವತ್ತೈದು ವರ್ಷ ಆಯ್ತು, ಇನ್ನೂ ಹೇಳ್ಬೇಕು ಇವನಿಗೆ."

ಅಳಿಸೋಣವೆಂದರೆ ಅಳಿಸುವ ಗುಂಡಿ ಸಿಗಲಿಲ್ಲ. ಇರಲಿ ಬಿಡು.

ಅಣ್ಣ


ಆರ್ತುಶ್ ಮೇಲಿನ ಹುಲ್ಲುಗಾವಲು
21 ಜೂನ್

ಬುರುಲ್,

ಇತ್ತ ಬಂದ ಲಾರಿಯೊಂದು ವಾಪಸ್ ಹೋಗುತ್ತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಇದನ್ನು ಅಮ್ಮನಿಗೆ ಜೋರಾಗಿ ಓದು.

ದೊಡ್ಡಮ್ಮ ಸಿಕ್ಕಳು. ನನ್ನನ್ನು ಗುಡಾರದ ಬಾಗಿಲಲ್ಲೇ ನಿಲ್ಲಿಸಿ, ಮುಖ ಎರಡೂ ಕೈಯಲ್ಲಿ ಹಿಡಿದು, ಕುರಿ ಕೊಳ್ಳುವವಳ ಹಾಗೆ ಆಚೆ ಈಚೆ ತಿರುಗಿಸಿ ನೋಡಿ, "ಮೂಗು ನಮ್ಮದೇ" ಅಂದಳು. ಆಮೇಲೆ ಅತ್ತಳು. ನಾನೂ ಅತ್ತೆ. ಎಂಬತ್ತಮೂರು ವರ್ಷ, ಬೆನ್ನು ನೆಟ್ಟಗಿದೆ, ಹಲ್ಲು ಮೂರಿವೆ. ನೋಡು, ಮತ್ತೆ ಹಸುವಿನ ವರ್ಣನೆ ಶುರುವಾಯಿತು.

ನಿನ್ನ ಕ್ಯಾಮೆರಾ ತೆಗೆದು ಚಕ್ರ ತಿರುಗಿಸಿ ಹಿಡಿದೆ. ಅವಳು ಬಿಳಿ ತಲೆವಸ್ತ್ರ ಸರಿಮಾಡಿಕೊಂಡು, ಎರಡೂ ಕೈ ಮೊಣಕಾಲ ಮೇಲಿಟ್ಟು, ಕಲ್ಲಿನ ಹಾಗೆ ಕೂತಳು. ರೆಪ್ಪೆ ಕೂಡ ಅಲ್ಲಾಡಲಿಲ್ಲ. ಒಂದು ನಿಮಿಷ ಮುಗಿಯಿತು. ಮತ್ತೆ ಒತ್ತಿದೆ, ಮತ್ತೆ ಹಾಗೆಯೇ. ಮೂರು ನಿಮಿಷ ಮೌನ ತುಂಬಿಸಿದ ಮೇಲೆ ನನಗೆ ಹೊಳೆಯಿತು. "ದೊಡ್ಡಮ್ಮ, ಇದು ಫೋಟೋ ಅಲ್ಲ, ಮಾತಾಡಿ" ಎಂದೆ. "ಮೊದ್ಲೇ ಹೇಳ್ಬಾರ್ದೇನೋ, ಉಸಿರು ಕಟ್ಟಿ ಇಲ್ಲೇ ಸಾಯ್ತಿದ್ದೆ" ಅಂದಳು. ಅವಳ ಸೊಸೆ ನುರಿಲಾ ನಕ್ಕು ನಕ್ಕು ಹಾಲಿನ ಪಾತ್ರೆ ಚೆಲ್ಲಿದಳು.

ಆಮೇಲೆ ಮಾತಾಡಿದಳು. ಏನು ಹೇಳಿದಳೆಂದು ಬರೆಯುವುದಿಲ್ಲ. ಟೋಪಿಯ ಉತ್ತರ ಇದರಲ್ಲಿದೆ, ಟೋಪಿಯೂ ಇವಳ ಹತ್ತಿರ ಇದೆ. ಮಿಕ್ಕದ್ದನ್ನು ಅಮ್ಮ ಅವಳ ಬಾಯಿಂದಲೇ ಕೇಳಲಿ. ಇಷ್ಟು ವರ್ಷ ಕಾದವಳಿಗೆ ಇನ್ನೆರಡು ವಾರ.

ಅಮ್ಮನ ಆ ಹನ್ನೊಂದು ಸೆಕೆಂಡ್ ಅಳಿಸದೆ ಇದ್ದದ್ದು ಒಳ್ಳೆಯದಾಯಿತು. ದೊಡ್ಡಮ್ಮ ಅದನ್ನು ಎಷ್ಟು ಸಲ ಕೇಳಿದಳೆಂದರೆ ಬ್ಯಾಟರಿ ಮುಗಿಯಿತು. "ಸತ್ತೋಯ್ತಾ?" ಎಂದು ಗಾಬರಿಯಾದಳು. ಮರುದಿನ ಕೆಳಗಿನ ಊರಿಗೆ ಇಬ್ಬರೂ ಹೋದೆವು. ಬೆಂಕಿಪೆಟ್ಟಿಗೆ, ಉಪ್ಪು, ಮೊಳೆ ಮಾರುವ ಒಂದು ಗೂಡಂಗಡಿ. ಅಲ್ಲೇ ಎರಡು ಬ್ಯಾಟರಿ ಕೊಂಡು, ಅವಳ ಕಣ್ಣ ಮುಂದೆಯೇ ಹಾಕಿ, ಅಮ್ಮನನ್ನು ಮತ್ತೆ ಮಾತಾಡಿಸಿದೆ. "ನೋಡಿ ದೊಡ್ಡಮ್ಮ, ಉಪ್ಪು ಸಿಗೋ ಕಡೆ ಎಲ್ಲಾ ಇದು ಸಿಗುತ್ತೆ, ಅದಕ್ಕೇ ನನ್ನ ತಂಗಿ ಇದನ್ನ ಆರಿಸಿದ್ದು" ಎಂದು ನಿನ್ನ ಬಗ್ಗೆ ಜಂಬ ಕೊಚ್ಚಿಕೊಂಡೆ. ನಿನಗೆ ಹೇಳಬಾರದೆಂದಿದ್ದೆ.

ಅವಳದು ಒಂದೇ ಬೇಡಿಕೆ. ಆ ಹನ್ನೊಂದು ಸೆಕೆಂಡಿನಲ್ಲಿ ಅಮ್ಮ ನನ್ನನ್ನು ಬೈಯುತ್ತಾಳೆ, ಅಷ್ಟೇ. "ಮುಂದಿನ ಸಲ ನನ್ನನ್ನ ಅಕ್ಕಾ ಅಂತ ಕರೀಲಿ. ಒಂದೇ ಸಲ ಸಾಕು. ಹಾಗೆ ಕರೆಯೋರು ಭೂಮಿ ಮೇಲೆ ಅವಳೊಬ್ಬಳೇ ಇರೋದು" ಅನ್ನುತ್ತಾಳೆ.

ಜುಲೈ ನಾಲ್ಕಕ್ಕೆ ಮನೆ ಸೇರುತ್ತೇನೆ.

ಅಣ್ಣ


ಅಟ್‌ಬಾಶಿ
28 ಜೂನ್

ಅಣ್ಣ,

ನಿನ್ನ ಕಾಗದ ನಿನ್ನೆ ಬಂತು. ಇದನ್ನು ಲಾರಿಯ ಬೈಶ್ ಕೈಯಲ್ಲಿ ಕಳಿಸುತ್ತಿದ್ದೇನೆ, ಗಡಿಯ ಆಚೆಯ ತಂಗುದಾಣದಲ್ಲಿ ನಿನಗೆ ಕೊಡುತ್ತಾನೆ.

ಇಲ್ಲಿ ಮಳೆ ಚೆನ್ನಾಗಿ ಆಗಿದೆ. ಬೂದು ಕುದುರೆಯ ಕಾಲು ವಾಸಿಯಾಗಿದೆ. ಹುಲ್ಲು ಕೊಯ್ಲಿಗೆ ಪಕ್ಕದ ಮನೆಯವರು ಬಂದು ಮಾಡಿಕೊಟ್ಟರು, ನೀನು ಅದರ ಚಿಂತೆ ಮಾಡಬೇಡ. ಬಂಧುಗಳೂ ಸಾಕಷ್ಟು ಬಂದಿದ್ದಾರೆ, ಬೇಸಿಗೆಯಲ್ಲವೇ.

ದಾರಿಯಲ್ಲಿ ಎಲ್ಲೂ ಉಳಿಯಬೇಡ, ನೇರ ಬಾ. ಕಣಿವೆಯ ಬಾಯಲ್ಲಿ ಅಪ್ಪನ ಕಡೆಯ ದೊಡ್ಡಪ್ಪನವರು, ಇನ್ನಿಬ್ಬರು ಹಿರಿಯರು ಕುದುರೆ ಮೇಲೆ ಎದುರು ಬಂದರೆ ಲಾರಿಯಿಂದ ಇಳಿ. ಅವರು ಹೇಳಿದ ಹಾಗೆ ಮಾಡು.

ಕ್ಯಾಮೆರಾವನ್ನು ಒಳಜೇಬಿನಲ್ಲಿ ಇಟ್ಟುಕೋ. ಯಾವುದನ್ನೂ ಅಳಿಸಬೇಡ. ಆ ಹನ್ನೊಂದು ಸೆಕೆಂಡನ್ನಂತೂ ಯಾರ ಕೈಗೂ ಕೊಡಬೇಡ. ಚಕ್ರ ತಿರುಗಿಸುವಾಗ ನಿಧಾನ.

ಹೊಟ್ಟೆ ತುಂಬ ತಿನ್ನು.

ನಿನ್ನ ತಂಗಿ
ಬುರುಲ್


ಅಟ್‌ಬಾಶಿ
12 ಆಗಸ್ಟ್

ಬುರುಲ್,

ನಲವತ್ತನೇ ದಿನದ ಊಟ ಮುಗಿಸಿ ನೀನು ವ್ಯಾನು ಹತ್ತಿದ ಮೇಲೆ ಮನೆ ಬಿಕೋ ಎನ್ನುತ್ತಿದೆ. ಮೂಲೆಯಲ್ಲಿ ಅಮ್ಮನ ಹಾಸಿಗೆ ಹಾಗೆಯೇ ಮಡಿಸಿಟ್ಟಿದ್ದೇನೆ.

ಒಂದು ಮಾತು ನಿನ್ನ ಎದುರಿಗೆ ಹೇಳಲಾಗಲಿಲ್ಲ. ತಂಗುದಾಣದಲ್ಲಿ ನಿನ್ನ ಕಾಗದ ಓದಿದಾಗ ನನಗೆ ಏನೂ ತಿಳಿಯಲಿಲ್ಲ. ಮಳೆ, ಕುದುರೆ, ಹುಲ್ಲು ಎಂದು ಓದಿ ಸಮಾಧಾನವಾಗಿ ಮಲಗಿದೆ. ಮರುದಿನ ಕಣಿವೆಯ ಬಾಯಲ್ಲಿ ಮೂವರು ಹಿರಿಯರನ್ನು ಕಂಡಾಗ, ಅವರು ಬಾಯಿ ತೆರೆಯುವ ಮೊದಲೇ ತಿಳಿಯಿತು. ದಾರಿಯಲ್ಲಿರುವವನಿಗೆ ಸಾವನ್ನು ಕಾಗದದಲ್ಲಿ ಹೇಳಬಾರದು, ಹಿರಿಯರೇ ಎದುರು ಕೂತು ಹೇಳಬೇಕು ಎಂಬುದು ನಮ್ಮ ಹಿಂದಿನವರು ಮಾಡಿದ್ದು, ತಪ್ಪು ಎನ್ನಲಾರೆ. ಆದರೆ ನಾನು ಆರ್ತುಶ್‌ನಿಂದ ಹೊರಡುವ ಮೊದಲೇ ನೀವು ಅವಳನ್ನು ಮಣ್ಣು ಮಾಡಿದ್ದಿರಿ. ಜೂನ್ ಇಪ್ಪತ್ತೈದಕ್ಕೆ ಹೋದವಳಿಗೆ ಕೇಳಿಸಲೆಂದು ನಾನು ಜುಲೈ ನಾಲ್ಕರವರೆಗೆ ಆ ಕ್ಯಾಮೆರಾವನ್ನು ಎದೆಗೆ ಒತ್ತಿಕೊಂಡು ಬಂದೆ.

ನಿನ್ನೆ ಸ್ಮಶಾನಕ್ಕೆ ಒಬ್ಬನೇ ಹೋಗಿದ್ದೆ. ಗುಡ್ಡೆಯ ಹತ್ತಿರ ಕೂತು ಕ್ಯಾಮೆರಾದಲ್ಲಿ ದೊಡ್ಡಮ್ಮನನ್ನು ಮಾತಾಡಿಸಿದೆ. ಮೊದಲು ಆ ಮೂರು ನಿಮಿಷದ ಮೌನವೇ ಓಡಿತು, ಅದನ್ನು ದಾಟಿಸುವ ಮನಸ್ಸಾಗಲಿಲ್ಲ. ಆಮೇಲೆ ಅವಳು ಹೇಳಿದಳು, ನೀನೂ ಕೇಳಿದ್ದೀಯ: "ಸೋನುನ್, ನಿನ್ನ ಟೋಪಿ ನನ್ನ ಹತ್ರ ಇದೆ ಕಣೇ. ಕದ್ದಿದ್ದಲ್ಲ. ನೀನು ಅಳ್ತಾ ಕುದುರೆ ಹಿಂದೆ ಓಡಿ ಬರ್ತಿದ್ದೆ. ಸುಸ್ತಾಗಿ ಎಲ್ಲಿ ನಿಂತುಬಿಡ್ತೀಯೋ ಅಂತ ಮೇಲಿಂದ ಬಗ್ಗಿ ಕಿತ್ಕೊಂಡೆ. ಟೋಪಿಗೋಸ್ಕರ ಆದ್ರೂ ಓಡಿ ಬರ್ತೀಯ ಅಂದ್ಕೊಂಡೆ. ಅಪ್ಪ ಕುದುರೆ ನಿಲ್ಲಿಸ್ಲಿಲ್ಲ."

ಗಾಳಿ ಇತ್ತು. ಎಷ್ಟು ಕೇಳಿಸಿತೋ ಗೊತ್ತಿಲ್ಲ.

ಈಗ ಇನ್ನೊಂದು ಕಷ್ಟ. ದೊಡ್ಡಮ್ಮನ ಕಾಗದ ಬಂದಿದೆ. ಅವರ ಅರಬಿ ಅಕ್ಷರ ನನಗೆ ಬಾರದು, ಮುಲ್ಲಾ ಓದಿ ಹೇಳಿದರು. "ಸೋನುನ್ ಟೋಪಿಯ ಮಾತು ಕೇಳಿ ಏನಂದಳು? ಅಕ್ಕಾ ಎಂದು ಕರೆದಳೇ? ಡಬ್ಬಿಯನ್ನು ಮೊಮುನ್ ಕೈಯಲ್ಲಿ ಕಳಿಸು, ಕೇಳಿಸಿಕೊಂಡು ವಾಪಸ್ ಕೊಡುತ್ತೇನೆ" ಎಂದಿದೆ. ಓದಿ ಮುಲ್ಲಾ ಕನ್ನಡಕ ತೆಗೆದು ಒರೆಸುತ್ತಾ ಕೂತರು.

ಏನು ಬರೆಯಲಿ? ಸತ್ತಳೆಂದು ಕಾಗದದಲ್ಲಿ ಬರೆಯುವಂತಿಲ್ಲ. ಹಿರಿಯರನ್ನು ಕರೆದುಕೊಂಡು ಹೋಗಿ ಹೇಳೋಣವೆಂದರೆ ಪರವಾನಗಿ ಬರುವ ವರ್ಷಕ್ಕೇ. ಕೊನೆಗೆ ಅಮ್ಮ ಚೆನ್ನಾಗಿದ್ದಾಳೆ, ಟೋಪಿಯ ಮಾತು ಕೇಳಿ ನಕ್ಕಳು, ಸದ್ಯಕ್ಕೆ ಇಲ್ಲಿ ಬ್ಯಾಟರಿ ಸಿಗುತ್ತಿಲ್ಲ, ಸಿಕ್ಕ ಕೂಡಲೇ ಅವಳ ದನಿ ತುಂಬಿಸಿ ಕಳಿಸುತ್ತೇನೆ ಎಂದು ಬರೆಸಿ ಕಳಿಸಿದೆ. ತಪ್ಪೋ ಸರಿಯೋ ಯೋಚಿಸಲು ತ್ರಾಣವಿಲ್ಲ.

ಅಣ್ಣ


ಬಿಷ್ಕೆಕ್
23 ಆಗಸ್ಟ್

ಅಣ್ಣ,

ಸರಿಯಾಗಿಯೇ ಬರೆದಿದ್ದೀಯ. ಬ್ಯಾಟರಿ ಎಂದರೆ ಯಾರೂ ಅನುಮಾನಿಸುವುದಿಲ್ಲ. ನನ್ನ ಅಂಗಡಿಗೆ ಬರುವವರೂ ಫೋಟೋ ತೆಗೆಯದೆ ಇದ್ದದ್ದಕ್ಕೆಲ್ಲ ಬ್ಯಾಟರಿಯನ್ನೇ ದೂರುತ್ತಾರೆ. ಚಳಿಗಾಲದವರೆಗೆ ಈ ನೆಪ ನಡೆಯುತ್ತದೆ. ಆಮೇಲೆ ಕಣಿವೆ ಮುಚ್ಚುತ್ತದೆ, ಬರುವ ವರ್ಷದ ಮಾತು ಬರುವ ವರ್ಷಕ್ಕೆ.

ನಿನಗೆ ಸುಳ್ಳು ಬರೆದದ್ದು ನನ್ನನ್ನು ತಿನ್ನುತ್ತಿದೆ. ದೊಡ್ಡಪ್ಪ ಪಕ್ಕದಲ್ಲೇ ಕೂತು ಒಂದೊಂದು ಸಾಲು ಬರೆಸಿದರು. ಹೊಟ್ಟೆ ತುಂಬ ತಿನ್ನು ಎಂಬುದೊಂದು ಮಾತ್ರ ನಾನೇ ಬರೆದದ್ದು.

ಇನ್ನೊಂದು ಹೇಳಬೇಕು. ಅಮ್ಮನ ಜೊತೆ ಹದಿನೆಂಟು ದಿನ ಇದ್ದೆ. ಊರಿಗೆ ಬಂದಿಳಿದ ಮೊದಲ ದಿನ ನಾನು ಬಾಗಿಲಲ್ಲಿ ಸುಮ್ಮನೆ ನಿಂತಿದ್ದೆ. ನೀನು ಕುದುರೆಗೆ ನೀರು ಕುಡಿಸಲು ಹೋಗಿದ್ದೆ. ಅಮ್ಮ ತಲೆ ಎತ್ತಿ "ಒಳಗೆ ಬಾ ಬುರುಲ್, ಗಾಳಿ ಬರುತ್ತೆ" ಅಂದಳು. ಹೇಗೆ ಗೊತ್ತಾಯಿತೆಂದು ಇವತ್ತಿಗೂ ತಿಳಿಯದು. ದಿನಾ ಕೈ ಹಿಡಿದು ಮಾತಾಡಿದಳು. ಅಪ್ಪನ ಮಾತು, ನನ್ನ ಗಂಡನ ಮಾತು, ನಿನ್ನ ಮೊಂಡುತನದ ಮಾತು. ಕೊನೆಯ ಸಂಜೆ ಕೂಡ "ಅವಳು ಟೋಪಿ ವಿಷಯ ಏನಂದ್ಲಂತೆ?" ಎಂದು ಕೇಳಿದಳು. ನಿನ್ನ ಕಾಗದ ಇನ್ನೂ ಬಂದಿರಲಿಲ್ಲ. "ನಾಳೆ ತಿಳಿಯತ್ತೆ ಅಮ್ಮ" ಎಂದೆ.

ಆ ಹದಿನೆಂಟು ದಿನದ ಒಂದು ಮಾತೂ ನನ್ನ ಹತ್ತಿರ ಇಲ್ಲ. ನನ್ನ ಕಪಾಟಿನಲ್ಲಿ ಮೂವತ್ತೊಂಬತ್ತು ಕ್ಯಾಮೆರಾ ಇದ್ದವು, ಅದರಲ್ಲಿ ಹತ್ತಕ್ಕೆ ಮಾತು ಬರುತ್ತಿತ್ತು. ನಾನು ಸಕ್ಕರೆ ಮಿಠಾಯಿ, ತಲೆವಸ್ತ್ರ ಕಟ್ಟಿಕೊಂಡು ಬಂದೆ. ದೂರದವರಿಗೆ ಮಾತ್ರ ಕ್ಯಾಮೆರಾ ಬೇಕು ಅಂದುಕೊಂಡೆ. ಈಗ ಯಾರಾದರೂ ಬಂದು ಪ್ರವಾಸಕ್ಕೆ ಯಾವುದು ಒಳ್ಳೆಯದು ಎಂದು ಕೇಳಿದರೆ ಉತ್ತರ ಹೇಳುವುದಕ್ಕೇ ಬೇಸರ.

ಆ ಹನ್ನೊಂದು ಸೆಕೆಂಡನ್ನು ಜೋಪಾನ ಮಾಡು. ಅದರಲ್ಲಿ ಅವಳು ನಿನ್ನನ್ನು ಬೈದಿದ್ದಾಳೆ. ನನಗೆ ಹೊಟ್ಟೆಕಿಚ್ಚು.

ಬುರುಲ್


ಆರ್ತುಶ್
2 ಅಕ್ಟೋಬರ್

ಮಕ್ಕಳೇ, ಎಸೆನ್‌ಬೈ, ಬುರುಲ್,

ಇದನ್ನು ನಾನು ಹೇಳುತ್ತಿದ್ದೇನೆ, ಸೊಸೆ ನುರಿಲಾ ಬರೆಯುತ್ತಿದ್ದಾಳೆ. ಕುರಿ ಕೆಳಗಿಳಿದಿವೆ, ನಾವೆಲ್ಲ ಕ್ಷೇಮ. ಹಿಮ ಬೀಳುವ ಮೊದಲು ಮೊಮುನ್ ಇನ್ನೊಂದು ಸಲ ದಾಟುತ್ತಾನಂತೆ, ಅವನ ಕೈಯಲ್ಲೇ ಕೊಡುತ್ತೇನೆ.

ಎಸೆನ್‌ಬೈ, ಬ್ಯಾಟರಿ ಸಿಗುತ್ತಿಲ್ಲ ಎಂದು ಬರೆಸಿದ್ದೀಯ. ಆ ಗೂಡಂಗಡಿಯ ಮುಂದೆ ನಿಂತು, ಉಪ್ಪು ಸಿಗುವ ಕಡೆಯೆಲ್ಲ ಇದು ಸಿಗುತ್ತದೆ ಎಂದು ನನಗೆ ಪಾಠ ಹೇಳಿದವನು ನೀನು. ನಾನು ಅದನ್ನು ಊರಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೇನೆ. ಅಟ್‌ಬಾಶಿಯಲ್ಲಿ ಉಪ್ಪು ಮುಗಿದಿರಲಾರದು. ಮುಗಿದದ್ದು ಬೇರೆ.

ನುರಿಲಾ ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಾಳೆ. ಬರಿ ಅಂದಿದ್ದೇನೆ.

ಇಲ್ಲೂ ಅದೇ ಪದ್ಧತಿ, ಮಕ್ಕಳೇ. ನನ್ನ ಗಂಡ ಹೋದಾಗಲೂ ಹಿರಿಯರು ಬಂದು ಕೂತು, ಹವೆಯ ಮಾತಾಡಿ, ಕುರಿಯ ಮಾತಾಡಿ, ಆಮೇಲೆ ಹೇಳಿದರು. ಈಗ ನನಗೆ ಹೇಳಲು ಬರುವವರು ಯಾರು? ಈ ಕಣಿವೆಯಲ್ಲಿ ನನಗಿಂತ ಹಿರಿಯರು ಯಾರೂ ಉಳಿದಿಲ್ಲ. ಅದಕ್ಕೆ ನಾನೇ ಎದ್ದು ಹೊರಗೆ ಹೋಗಿ, ಬಂದು ಕೂತು, ನನಗೆ ನಾನೇ ಹೇಳಿಕೊಂಡೆ.

ಹೋದ ಗುರುವಾರ ಎಣ್ಣೆ ಕಾಯಿಸಿ ಏಳು ರೊಟ್ಟಿ ಕರಿದೆ. ಅವಳ ಹೆಸರು ಹೇಳಿ ಕೈ ಎತ್ತಿ ಬೇಡಿಕೊಂಡೆ. ಎಣ್ಣೆಯ ವಾಸನೆ ಸತ್ತವರಿಗೆ ಮುಟ್ಟುತ್ತದೆ ಅನ್ನುತ್ತಾರಲ್ಲ, ಕಣಿವೆ ದಾಟಿ ಹೋಗಲಿ ಎಂದು ಎಣ್ಣೆ ಸ್ವಲ್ಪ ಜಾಸ್ತಿಯೇ ಹಾಕಿದೆ. ನೀವು ಇನ್ನು ಸುಳ್ಳು ಹೊರಬೇಡಿ. ದಣಿದಿದ್ದೀರಿ. ಕಾಗದ ಓದುವಾಗಲೇ ನನಗೆ ಗೊತ್ತಾಯಿತು.

ಈ ಕಾಗದದ ಜೊತೆ ಎರಡು ಬ್ಯಾಟರಿ ಕಟ್ಟಿ ಕಳಿಸಿದ್ದೇನೆ, ಅದೇ ಗೂಡಂಗಡಿಯದು. ಬುರುಲ್, ನೀನು ಅಣ್ಣನ ಮನೆಗೆ ಹೋಗು. ಇಬ್ಬರೂ ಒಟ್ಟಿಗೆ ಕೂತು ಆ ಡಬ್ಬಿಯ ಮುಂದೆ ಮಾತಾಡಿ ನನಗೆ ಕಳಿಸಿ. ನನ್ನ ಹಾಗೆ ಬಾಯಿ ಮುಚ್ಚಿಕೊಂಡು ಕೂರಬೇಡಿ, ಅದು ಫೋಟೋ ಅಲ್ಲ. ಬೈದಾಡಿದರೂ ಚಿಂತೆಯಿಲ್ಲ, ನಾನು ಕೇಳುತ್ತೇನೆ.

ಟೋಪಿಯನ್ನು ಮಾತ್ರ ಕಳಿಸುತ್ತಿಲ್ಲ. ಅದನ್ನು ನಾನೇ ಅವಳಿಗೆ ಕೊಡುತ್ತೇನೆ.

ನಿಮ್ಮ ದೊಡ್ಡಮ್ಮ
ಬಾತ್ಮಾ